ಶೆಡ್ಡಿನ ಬಾಗಿಲಿಗೆ ಒಂದು ವಾಕ್ಯ

ನಾಗಸಂದ್ರ
ಶುಕ್ರವಾರ

ಮಗ ಜಯಶೀಲನಿಗೆ ದೊಡ್ಡಪ್ಪನ ಪ್ರೀತಿಯ ಆಶೀರ್ವಾದ.

ಪೀಣ್ಯದಲ್ಲಿ ನೀನು ಕೊಂಡ ಶೆಡ್ಡನ್ನು ನೋಡಿ ಬಂದೆ, ಸಂತೋಷವಾಯಿತು. ಬಾಗಿಲ ಮೇಲಿನ ಗೋಡೆಗೆ ಬರೆಯಲು ನೀನು ಕಳಿಸಿದ ಬೈಬಲ್ ವಾಕ್ಯವನ್ನೂ ಓದಿದೆ. ಎಲ್ಲವನ್ನೂ ನನ್ನ ಕೈಬಲದಿಂದಲೇ ಮಾಡಿದೆ ಎಂಬ ಆ ಮಾತು ದೇವರದಲ್ಲ ಮಗಾ, ಭಕ್ತರದೂ ಅಲ್ಲ. ದೇಶಗಳನ್ನು ಗೂಡಿನ ಮೊಟ್ಟೆಗಳಂತೆ ಬಾಚಿಕೊಂಡ ಅಶ್ಶೂರದ ಅರಸನ ಜಂಬ ಅದು. ಅವನಿಗಾಗುವ ಶಿಕ್ಷೆಯನ್ನು ಯೆಶಾಯ ಪ್ರವಾದಿ ಅದರ ಮುಂದೆಯೇ ಹೇಳಿದ್ದಾನೆ. ಮೊಬೈಲಿನಲ್ಲಿ ‘ಕೈಬಲ’ ಎಂದು ಹುಡುಕಿ, ಮೊದಲು ಸಿಕ್ಕಿದ್ದನ್ನೇ ಕಳಿಸಿದೆಯೇನೋ.

ನಲವತ್ತು ವರ್ಷ ಬೋರ್ಡು ಬರೆದ ಕೈ ಇದು. ಆ ಸಾಲನ್ನು ಬರೆಯುವುದಿಲ್ಲ.

ಆ ಶೆಡ್ಡಿನಲ್ಲಿ ಹನ್ನೆರಡು ವರ್ಷ ಲೇತ್ ಯಂತ್ರದ ಮೇಲೆ ಕೂಲಿಗೆ ದುಡಿದ ಮುದಕಪ್ಪ ಟೀ ಅಂಗಡಿಯಲ್ಲಿ ಸಿಕ್ಕಿದ್ದ. "ಹೊಸಾ ಸಾಹುಕಾರ್ರು ನನ್ನ ಹೆಸರೂ ಕೇಳಲಿಲ್ರೀ ಅಜ್ಜಾರ. ‘ಇನ್ಮೇಲೆ ಇದು ನಂದು, ನಡಿ ಆಚೆ’ ಅಂದ್ರು," ಎಂದ. ನಿನ್ನನ್ನು ಒಂದು ಮಾತೂ ಬೈಯಲಿಲ್ಲ. ತಾನು ಗೂಡು ದೋಚುವಾಗ ಒಂದು ಹಕ್ಕಿಯೂ ರೆಕ್ಕೆ ಬಡಿಯಲಿಲ್ಲ ಎಂದು ಆ ಅಶ್ಶೂರದ ಅರಸನೂ ಬೀಗಿದ್ದ.

ಭಾನುವಾರ ಆರಾಧನೆ ಮುಗಿದ ಮೇಲೆ ಮುದಕಪ್ಪನ ಬಾಡಿಗೆ ಕೋಣೆಗೆ ಹೋಗು. ಚೊಕ್ಕಸಂದ್ರದ ಹಿಟ್ಟಿನ ಗಿರಣಿಯ ಹಿಂದೆ ಇದೆ. ಹೆಸರು ಹಿಡಿದು ಕರೆ, ಕೆಲಸಕ್ಕೆ ಬಾ ಎನ್ನು. ನಿನ್ನ ದೊಡ್ಡಮ್ಮ ಹಾಕಿದ ನಿಂಬೆ ಉಪ್ಪಿನಕಾಯಿಯನ್ನು ಈ ಪತ್ರದ ಜೊತೆ ಕಳಿಸಿದ್ದೇನೆ, ಅರ್ಧ ಅವನಿಗೆ ಕೊಡು.

ಸೋಮವಾರ ಬೆಳಿಗ್ಗೆ ಬಣ್ಣ, ಏಣಿ ತರುತ್ತೇನೆ. ಒಳ್ಳೆಯ ವಾಕ್ಯವೊಂದನ್ನು ನಾವೇ ಕೂತು ಹುಡುಕೋಣ. ಆದರೆ ಏಣಿಯನ್ನು ಮುದಕಪ್ಪ ಹಿಡಿದರೆ ಮಾತ್ರ ಹತ್ತುತ್ತೇನೆ. ಇಲ್ಲವಾದರೆ ಗೋಡೆ ಬೋಳಾಗಿಯೇ ಇರಲಿ.

ನಿನ್ನ ದೊಡ್ಡಪ್ಪ
ಯೋಹಾನಪ್ಪ