ಬಂಪರಿಗೆ ಸಿಕ್ಕಿದ್ದ ಸೋಗೆ

ನವೆಂಬರ್ 24, ಭಾನುವಾರ. ಬೆಳಿಗ್ಗೆ 6.15

ಡ್ರಾಪ್ಸ್ ಆಯಿತು. ಎರಡೂ ಕಣ್ಣಿಗೆ ಒಂದೊಂದು ಹನಿ, ಐದು ನಿಮಿಷ ಮುಚ್ಚಿಕೊಂಡು ಕೂತೆ. ಉರಿ. ಗೋದಾ ಬಂದು ಏನ್ರೀ ಅದು ಅಂದಳು. ಕಂಪ್ಯೂಟರ್ ನೋಡಿ ನೋಡಿ ಕಣ್ಣು ಒಣಗಿದೆ ಅಂದೆ. ರಿಟೈರಾಗಿ ನಾಲ್ಕು ವರ್ಷ, ಕಂಪ್ಯೂಟರ್ ಎಲ್ಲಿ ನೋಡುತ್ತೀರಿ ಅಂತ ಕೇಳಲಿಲ್ಲ. ಪುಣ್ಯ.

ಮೈಸೂರಿನ ಡಾಕ್ಟರ ಫೈಲು ಬೀರುವಿನಲ್ಲಿದೆ, ನನ್ನ ಹಳೇ ಭತ್ತದ ವರದಿಗಳ ಕೆಳಗೆ. ಗ್ಲಾಕೋಮಾ. ಎದುರಿಗಿರುವುದು ಚೆನ್ನಾಗಿ ಕಾಣುತ್ತದೆ. ಪೇಪರ್ ಓದುತ್ತೇನೆ, ಬೇಕಾದರೆ ಸೂಜಿಗೆ ದಾರ ಪೋಣಿಸಿ ತೋರಿಸುತ್ತೇನೆ. ಎಡಗಡೆ ಮಾತ್ರ ಇಲ್ಲ. ಕತ್ತಲೆ ಅಂತಲೂ ಅಲ್ಲ… ಸುಮ್ಮನೆ ಇಲ್ಲ. ಇನ್ನು ಡ್ರೈವಿಂಗ್ ಬೇಡ ಸಾರ್ ಅಂದ ಆ ಡಾಕ್ಟರು. ಮೀಸೆ ಸರಿಯಾಗಿ ಬಂದಿರಲಿಲ್ಲ ಅವನಿಗೆ. ಮೂವತ್ತೆರಡು ವರ್ಷ ಜೀಪು ಓಡಿಸಿದವನು ನಾನು. ಅಭ್ಯಾಸವೂ ಒಂದು ಕಣ್ಣೇ.

ಬೆಟ್ಟದ ಟ್ರಿಪ್ ಪಕ್ಕಾ. ಡಿಸೆಂಬರ್ 14, 15, ಸೆಕೆಂಡ್ ಸಾಟರ್ಡೆ. ಸಕಲೇಶಪುರದ ಆಚೆ ಪ್ರಸನ್ನನ ಷಡ್ಡಕನ ಎಸ್ಟೇಟು, ಅದರ ನೆತ್ತಿಯ ಮೇಲೆ ಟೆಂಟು. ಫೋರ್ ವೀಲ್ ಡ್ರೈವ್ ಬಿಟ್ಟು ಬೇರೆ ಗಾಡಿ ಹತ್ತಲ್ಲವಂತೆ. ಪ್ರಸನ್ನ ಮಳವಳ್ಳಿಯಲ್ಲಿ ಕಾಲೇಜ್ ಲೆಕ್ಚರರ್, ಒಂದು ಕಾಲದಲ್ಲಿ ನನ್ನ ಸ್ಟೂಡೆಂಟು. ಹೊಸ ಗಾಡಿಗಳು ಎಷ್ಟೇ ಇರಲಿ, ನಿಮ್ಮ ಜೀಪಿಗೂ ನಿಮ್ಮ ಕೈಗೂ ಸಮ ಇಲ್ಲ ಸಾರ್ ಅಂದ. ಇಂಥ ಮಾತು ಕೇಳಿ ಎಷ್ಟು ದಿನವಾಗಿತ್ತು!

ನವೆಂಬರ್ 28, ಗುರುವಾರ

ಮದ್ದೂರು. ಕೆಂಪರಾಜು ಗ್ಯಾರೇಜಿನಲ್ಲಿ ಇಡೀ ದಿನ. ಫೋರ್ ವೀಲ್ ಲಿವರ್ ಹಿಡಿದುಕೊಂಡಿತ್ತು, ಬಿಚ್ಚಿ ಗ್ರೀಸ್ ಹಾಕಿದ. ಹಿಂದಿನ ಎರಡು ಟೈರು ಹೊಸದು. ಬೆಟ್ಟಕ್ಕೆ ಹೋಗುವ ಮುಂಚೆ ಲೋಡ್ ಹಾಕಿ ಒಂದು ರೌಂಡು ಓಡಿಸಿ ನೋಡಿ ಅಂದ.

ವಾಪಸ್ ಬರುವಾಗ ಹೈವೇಯಲ್ಲಿ ಎಡಗಡೆಯಿಂದ ಒಂದು ಬಸ್ಸು ಎಲ್ಲಿಂದಲೋ ಹುಟ್ಟಿ ಬಂತು. ಬಸ್ಸು! ಬೈದುಕೊಂಡೆ, ಬಸ್ಸಿನವನನ್ನು.

ನವೆಂಬರ್ 30, ಶನಿವಾರ. ರಾತ್ರಿ 8

ಲೋಡ್ ಹಾಕಿ ಕೆರಗೋಡು ಕಡೆ ಹೋಗಿ ಬಂದೆ. ಮೂರು ಮೂಟೆ ಮರಳು, ನಾಲ್ಕು ಕ್ಯಾನ್ ನೀರು. ಗಾಡಿ ಚೆನ್ನಾಗಿ ಎಳೆಯುತ್ತದೆ.

ವಾಪಸ್ ಬರುವಾಗ ಹೊತ್ತು ಮುಳುಗಿತ್ತು. ಮುಂದೆ ಎಲ್ಲೋ ಕಬ್ಬಿನ ಟ್ರ್ಯಾಕ್ಟರ್ ಹೋಗಿರಬೇಕು, ರಸ್ತೆ ತುಂಬ ಜಲ್ಲೆ. ಈ ಸೀಸನ್ನಿನಲ್ಲಿ ನಮ್ಮ ಕಡೆ ಇದು ಮಾಮೂಲು, ಟೈರಿಗೆ ಸಿಕ್ಕಿ ಲಟಲಟ ಅನ್ನುತ್ತಲೇ ಇರುತ್ತದೆ. ಆರೂ ನಲವತ್ತರ ಸುಮಾರಿಗೆ ಎಡಗಡೆ ಧಡ್ ಅಂತ ಒಂದು ಸದ್ದು. ಸ್ಟೇರಿಂಗ್ ಅದುರಿತು. ದೊಡ್ಡ ಕಟ್ಟೇ ಬಿದ್ದಿತ್ತೋ ಏನೋ. ನಿಲ್ಲಿಸಲಿಲ್ಲ, ಹಿಂದೆ ಲಾರಿ ಇತ್ತು.

ಲಾರಿ ಇರಲಿಲ್ಲ. ಸುಮ್ಮನೆ ಬರೆದೆ. ನಿಲ್ಲಿಸಲಿಲ್ಲ, ಅಷ್ಟೆ.

ಡಿಸೆಂಬರ್ 1, ಭಾನುವಾರ. ಬೆಳಿಗ್ಗೆ 6

ಎದ್ದವನೇ ಜೀಪು ನೋಡಿದೆ. ಎಡಗಡೆ ಬಂಪರ್ ಮೂಲೆ ಒಳಗೆ ಹೋಗಿದೆ. ಇಂಡಿಕೇಟರ್ ಗ್ಲಾಸ್ ಇಲ್ಲ. ಬಂಪರಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಹಿಡಿ ಹಸಿರು ಸೋಗೆ, ಕಬ್ಬಿನ ಗರಿ, ಸಿಕ್ಕಿಕೊಂಡಿತ್ತು.

ಕಬ್ಬೇ. ಜೀವ ಬಂತು.

ಗೋದಾ ರಂಗೋಲಿಗೆ ಬರುವ ಮೊದಲೇ ಸೋಗೆ ಕಿತ್ತು ಮೋರಿಗೆ ಎಸೆದೆ. ಕಬ್ಬು ಅಂದಮೇಲೆ ಅವಳು ಬರುವ ಮೊದಲೇ ಯಾಕೆ ಕೀಳಬೇಕಿತ್ತು? ತಿಂಡಿಗೆ ದೋಸೆ. ನಾಲ್ಕು ತಿಂದೆ.

ಡಿಸೆಂಬರ್ 3, ಮಂಗಳವಾರ. ಮಧ್ಯಾಹ್ನ

ಸಿದ್ದರಾಮು ಫೋನು. ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ನನ್ನ ಫೀಲ್ಡ್ ಅಸಿಸ್ಟೆಂಟ್ ಆಗಿದ್ದವನು, ಕೆರಗೋಡಿನವನು. ಹಬ್ಬಕ್ಕೆ ಬಿಟ್ಟರೆ ಫೋನ್ ಮಾಡುವವನಲ್ಲ.

"ಸಾ, ನಮ್ ಫಾರಂ ಚಲುವಮ್ಮುಂಗೆ ಯಾವ್ದೋ ಗಾಡಿ ಗುದ್ಬುಟ್ಟು ಓಗದೆ. ಸನಿವಾರ ಸಂಜೆ. ಸೋಗೆ ಒರೆ ಒತ್ಕಂಡು ಮನೆಗೆ ಓಯ್ತಿದ್ಲಂತೆ."

ಸೊಂಟದ ಮೂಳೆ ಮುರಿದಿದೆ. ಆಪರೇಷನ್ ಆಗಿದೆ, ಮಂಡ್ಯದ ಆಸ್ಪತ್ರೆಯಲ್ಲೇ ಇದ್ದಾಳೆ. ಒಂದೂವರೆ ಗಂಟೆ ಹೊತ್ತು ರಸ್ತೆ ಪಕ್ಕದ ಕಾಲುವೆಯಲ್ಲಿ ಬಿದ್ದಿದ್ದಳಂತೆ. ಅವಳ ಮೇಲೆ ಸೋಗೆ ಬಿದ್ದಿತ್ತಲ್ಲ, ಹೋಗಿಬರುವವರಿಗೆ ಕಂಡಿಲ್ಲ. ಡೇರಿಗೆ ಹಾಲು ಹಾಕಿ ಬರುತ್ತಿದ್ದವನು ಯಾರೋ ನರಳುವುದು ಕೇಳಿ ಇಳಿದು ನೋಡಿದನಂತೆ.

ಅಯ್ಯೋ ಪಾಪ ಅಂದೆ. ಫೋನಿಟ್ಟೆ.

ಫ್ಯಾಕ್ಟರಿಗೆ ಹೋಗುವ ಕಬ್ಬಿಗೆ ಹಸಿರು ಸೋಗೆ ಎಲ್ಲಿರುತ್ತದೆ? ಗದ್ದೆಯಲ್ಲೇ ಕೊಯ್ದು ದನಕ್ಕೆ ಬಿಡುತ್ತಾರೆ. ರಸ್ತೆಗೆ ಬೀಳುವುದು ಬೋಳು ಜಲ್ಲೆ. ಹಸಿರು ಸೋಗೆ ರಸ್ತೆಗೆ ಬರುವುದು ಯಾರದಾದರೂ ತಲೆಯ ಮೇಲೆ. ಮಂಡ್ಯದಲ್ಲಿ ಮೂರು ವರ್ಷದ ಮಗುವಿಗೂ ಗೊತ್ತಿರುವ ವಿಷಯ. ನಾನು ಕೃಷಿ ವಿಜ್ಞಾನಿ.

ಡಿಸೆಂಬರ್ 4, ಬುಧವಾರ

ಹೇಳಬೇಕು. ಡ್ರಾಪ್ಸ್ ಮರೆತೆ.

ಡಿಸೆಂಬರ್ 6, ಶುಕ್ರವಾರ

ಚಲುವಮ್ಮ ಇಪ್ಪತ್ತು ವರ್ಷ ನನ್ನ ಪ್ಲಾಟಿನಲ್ಲಿ ಕೆಲಸ ಮಾಡಿದವಳು. ಬೀಜದ ಭತ್ತದಲ್ಲಿ ಬೆರಕೆ ಪೈರು ಹುಡುಕಿ ಕೀಳುವ ಕೆಲಸ. ನಾನು ಪಿಎಚ್‌ಡಿ ಮಾಡಿಕೊಂಡು ಬದುವಿನ ಮೇಲೆ ನಿಂತಿರುತ್ತಿದ್ದೆ, ಅವಳು ಹತ್ತು ಸಾಲು ಆಚೆಯಿಂದ ತೋರಿಸುತ್ತಿದ್ದಳು. ಅವಳ ಕಣ್ಣು ನಂಬಿಕೊಂಡೇ ಎರಡು ತಳಿ ಹೊರಗೆ ಬಂತು. ವರದಿಯಲ್ಲಿ ನನ್ನ ಹೆಸರಿದೆ.

ಆಸ್ಪತ್ರೆ ಇಲ್ಲಿಂದ ಹತ್ತು ನಿಮಿಷ ನಡಿಗೆ. ಹೋಗಲಿಲ್ಲ. ಮದ್ದೂರಿಗೆ ಹೋದೆ, ಜೀಪಿನಲ್ಲೇ. ಇಂಥ ಗಂಡಸು ನಾನು.

ಬಂಪರ್ ನೆಟ್ಟಗೆ ಮಾಡಿಕೊಡು, ಗೇಟಿಗೆ ತಗುಲಿತು ಅಂದೆ. ಕೆಂಪರಾಜು ಇಂಡಿಕೇಟರ್ ಗ್ಲಾಸ್ ಹಾಕಿದ. ಬಂಪರ್ ಮುಟ್ಟಲಿಲ್ಲ.

"ಇದ್ಯಾಕ್ ಸಾ ಈಗ? ಬೆಟ್ಟದಾಗೆ ಇನ್ನಾ ನಾಕ್ ಕಡೆ ಉಜ್ಕತದೆ. ಬಂದ್ಮೇಲೆ ಎಲ್ಲಾ ಒಟ್ಗೆ ಬಡ್ದು ಪೇಂಟ್ ಒಡಿಯಾನ ಬುಡಿ."

ಅವನಿಗೆ ಏನೂ ಗೊತ್ತಿಲ್ಲ. ಸಹಜವಾಗಿ ಅಂದ. ನನಗೆ ದಾರಿ ತೋರಿಸಿಬಿಟ್ಟ. ಬೆಟ್ಟದಿಂದ ಬಂದ ಜೀಪಿಗೆ ಹತ್ತು ಗಾಯ ಇದ್ದರೆ ಯಾರು ಏನು ಕೇಳುತ್ತಾರೆ… ಬರುವಾಗ ದಾರಿಯುದ್ದಕ್ಕೂ ಹಗುರಾಗಿದ್ದೆ.

ಡಿಸೆಂಬರ್ 9, ಸೋಮವಾರ

ಪ್ರಸನ್ನನಿಂದ ಎಂಟು ಮೆಸೇಜು. ಮಳೆ ಬರುವ ಹಾಗಿದೆ, ಜನವರಿಗೆ ಮುಂದೂಡೋಣವಾ ಸಾರ್ ಅಂತ. ಬೇಡ, ಈ ವಾರವೇ ಹೋಗೋಣ ಅಂತ ಬರೆದೆ. ನಿಮ್ಮ ಉತ್ಸಾಹ ನೋಡಿ ನಾವು ಕಲಿಯಬೇಕು ಅಂತ ಕೈಮುಗಿಯುವ ಚಿತ್ರ ಕಳಿಸಿದ.

ಟೆಂಟು ಬಿಸಿಲಿಗೆ ಹರವಿದೆ. ಒಂದು ಕಡೆ ಇಲಿ ಕಡಿದಿತ್ತು, ಗೋದಾ ಹೊಲಿದುಕೊಟ್ಟಳು. ಫೋಮ್ ಹಾಸಿಗೆ ಎರಡು, ಸ್ಟವ್, ಹಗ್ಗ, ಟಾರ್ಚು, ಗೋದಾಳ ಪುಳಿಯೋಗರೆ ಗೊಜ್ಜು ಒಂದು ಡಬ್ಬಿ. ಹೋದ ತಿಂಗಳು ಈ ಸಾಮಾನು ಜೋಡಿಸುವುದೇ ಒಂದು ಸುಖ ಅನ್ನಿಸುತ್ತಿತ್ತು. ಈಗ ಊರು ಬಿಟ್ಟು ಓಡುವವನ ಗಂಟಿನ ಹಾಗೆ ಕಾಣುತ್ತದೆ.

ಸಿದ್ದರಾಮು ಮತ್ತೆ ಫೋನ್ ಮಾಡಿದ್ದ. ಪುಟ್ಟರಾಜು ಅಂತ ಒಬ್ಬ ಟ್ರ್ಯಾಕ್ಟರ್ ಡ್ರೈವರ್, ಆ ಸಂಜೆ ಅದೇ ರಸ್ತೆಯಲ್ಲಿ ಕಬ್ಬು ಹೊಡೆಯುತ್ತಿದ್ದನಂತೆ. ಟ್ರ್ಯಾಕ್ಟರ್ ಪೊಲೀಸ್ ಸ್ಟೇಷನ್ನಿನಲ್ಲಿ ನಿಂತಿದೆ. ನಾನಲ್ಲ ಅಂತ ಎಷ್ಟು ಹೇಳಿದರೂ ಊರಿನವರು ಕೇಳದೆ ಹೊಡೆದರಂತೆ. ತುಟಿಗೆ ಮೂರು ಹೊಲಿಗೆ.

ಹೇಳಬೇಕು ಅಂತ ನಾಲ್ಕನೇ ತಾರೀಕು ಬರೆದಿದ್ದೇನೆ. ಇಲ್ಲೇ ಇದೆ, ನನ್ನದೇ ಅಕ್ಷರ.

ಡಿಸೆಂಬರ್ 12, ಗುರುವಾರ. ಸಂಜೆ 7.30

ಬೆಳಿಗ್ಗೆ ಸಿದ್ದರಾಮು ಮನೆಗೇ ಬಂದ. ಚಲುವಮ್ಮನಿಗೆ ಡಿಸ್ಚಾರ್ಜು. ಆಟೋದಲ್ಲಿ ಕೂರಲಾರಳು, ಮಲಗಿಕೊಂಡೇ ಹೋಗಬೇಕು. ನಿಮ್ಮ ಜೀಪಿನ ಹಿಂದೆ ಜಾಗ ಐತಲ್ಲ ಸಾ ಅಂದ. ಗೋದಾ ಒಳಗಿನಿಂದಲೇ, ಅಗತ್ಯವಾಗಿ ಕರೆದುಕೊಂಡು ಹೋಗಿ ಅಂದಳು.

ಸಾಮಾನೆಲ್ಲ ಇಳಿಸಿದೆ. ಟೆಂಟಿಗೆ ಅಂತ ತಂದ ಹಾಸಿಗೆ ಎರಡನ್ನೂ ಹಾಸಿದೆವು. ಸಿದ್ದರಾಮುಗೆ ಗಾಡಿ ಓಡಿಸಲು ಬರುವುದಿಲ್ಲ. ಎಡಗಡೆ ಕೂರಿಸಿಕೊಂಡು, ಆ ಕಡೆ ಏನು ಬಂದರೂ ಹೇಳುತ್ತಾ ಇರು, ಚಲುವಮ್ಮನಿಗೆ ಕುಲುಕಬಾರದು ಅಂದೆ. ದಾರಿಯುದ್ದಕ್ಕೂ ಹೇಳಿದ. ಸೈಕಲ್ಲು ಸಾ. ಎಮ್ಮೆ ಸಾ. ಎಂಗ್ಸು ಸಾ. ಇಷ್ಟೆಲ್ಲ ಇದೆಯೇ ನನ್ನ ಎಡಗಡೆ!

ಚಲುವಮ್ಮ ಹಾಸಿಗೆಯ ಅರ್ಧ ಕೂಡ ತುಂಬುವುದಿಲ್ಲ. ಆ ಜಾಗ ಬಂದಾಗ ತಾನಾಗಿಯೇ ಮಾತಾಡಿದಳು. ನೆತ್ತಿಯ ಮೇಲಿನ ಮರದ ಕೊಂಬೆ ನೋಡಿಯೇ ಗುರುತು ಹಿಡಿದಳೋ ಏನೋ.

"ಇಲ್ಲೇ ಸಾ. ಗುದ್ದುದ್ರೆ ಗುದ್ಲಿ, ಕಣ್ ತಪ್ತದೆ ಮನುಸುಂಗೆ. ನಿಲ್ಲುಸ್ನೇ ಇಲ್ವಲ್ಲ ಸಾ. ಇಳ್ದು ಒಂದ್ ತೊಟ್ಟು ನೀರ್ ಬುಟ್ಟಿದ್ರೆ ನಾನೇನ್ ಕೇಸಾಕ್ತಿದ್ನಾ?"

ಆಮೇಲೆ, ನೀವು ದೊಡ್ಡೋರು, ಸ್ಟೇಷನ್ನಿನಲ್ಲಿ ಒಂದು ಮಾತು ಹೇಳಿ, ಆ ಪುಟ್ಟರಾಜುನ ಸುಮ್ಮನೆ ಬಿಡಬಾರದು ಅಂದಳು.

ಹೂಂ ಅಂದೆ.

ಮನೆಯಲ್ಲಿ ಅವಳ ಸೊಸೆ ಕಾಫಿ ಕೊಟ್ಟಳು. ಕುಡಿದೆ. ಜೀಪಿನಲ್ಲಿ ಒಬ್ಬನೇ ವಾಪಸ್ ಬಂದೆ, ಫಸ್ಟ್ ಗೇರಿನಲ್ಲಿ. ಹಾರ್ನ್ ಹೊಡೆಯುತ್ತಾ ಹೊಡೆಯುತ್ತಾ. ಮದುವೆ ದಿಬ್ಬಣ ಅಂದುಕೊಂಡಿರಬೇಕು ಜನ. ನಾಳೆ ಬೆಳಿಗ್ಗೆ ಸ್ಟೇಷನ್ನಿಗೆ ಹೋಗುತ್ತೇನೆ. ಟ್ರಿಪ್ ಗಿಪ್ ಇಲ್ಲ.

ಡಿಸೆಂಬರ್ 13, ಶುಕ್ರವಾರ. ಮಧ್ಯಾಹ್ನ 3

ಬೆಳಿಗ್ಗೆ ಶರಟು ಹಾಕಿಕೊಂಡು ಹೊರಗೆ ಬಂದರೆ ಗೋದಾ ಜೀಪು ತೊಳೆಯುತ್ತಿದ್ದಳು. ಪ್ರಯಾಣಕ್ಕೆ ಮುಂಚೆ ಪೂಜೆ ಮಾಡುವುದು ಅವಳ ಪದ್ಧತಿ. ಆದರೆ ತೊಳೆಯುವುದು ಯಾವಾಗಲೂ ನಾನು. ಎಡಗಡೆ ಮೂಲೆಗೆ ಹಳೇ ಟೂತ್‌ಬ್ರಷ್ ಹಾಕಿ ಉಜ್ಜುತ್ತಿದ್ದಳು, ಸಂದಿಗೊಂದಿ ಬಿಡದೆ.

ಎಲ್ಲಿಗೆ ಅಂದಳು. ಸ್ಟೇಷನ್ನಿಗೆ ಅಂದೆ. ಒಳಗೆ ಬನ್ನಿ ಅಂದಳು.

ಊಟದ ಟೇಬಲ್ ಮೇಲೆ ಮೈಸೂರಿನ ಡಾಕ್ಟರ ಫೈಲಿತ್ತು. ಪಕ್ಕದಲ್ಲಿ ಈ ಡೈರಿ. ಫೈಲು ಸಿಕ್ಕಿ ಆರು ತಿಂಗಳಾಯಿತಂತೆ. ಡೈರಿ ಓದಿದ್ದು ನಿನ್ನೆ, ನಾನು ಕೆರಗೋಡಿಗೆ ಹೋಗಿದ್ದಾಗ. ಆರು ತಿಂಗಳು ಗೊತ್ತಿದ್ದೂ ಜೀಪಿನ ಕೀ ಕಿತ್ತುಕೊಳ್ಳಲಿಲ್ಲವಲ್ಲ ಅಂತ ಅವಳ ಮೇಲೆ ಸಿಟ್ಟು ಬಂತು. ನಾಚಿಕೆಗೆಟ್ಟ ಸಿಟ್ಟು. ಕಿತ್ತುಕೊಂಡಿದ್ದರೆ ನಾನು ಎಷ್ಟು ದಿನ ಮಾತು ಬಿಡುತ್ತಿದ್ದೆ ಅಂತ ಅವಳಿಗೆ ಗೊತ್ತು.

ನಲವತ್ತು ವರ್ಷದ ಸಂಸಾರ. ಅವಳು ದನಿ ಏರಿಸಲಿಲ್ಲ.

"ನೀವು ಹೇಳಿದರೆ ಅವಳ ಸೊಂಟ ಸರಿಹೋಗಲ್ಲ. ಬೆಟ್ಟಕ್ಕೆ ಹೋಗಿ ಬನ್ನಿ. ಗಾಡಿ ಪೂರ್ತಿ ಗೀಚಿಕೊಂಡು ಬರಲಿ. ಇದನ್ನೂ ತಗೊಂಡು ಹೋಗಿ. ಅಲ್ಲಿ ಬೆಂಕಿ ಹಾಕ್ತೀರಲ್ಲ."

ಪುಟ್ಟರಾಜು ಅಂದೆ. ಡೈರಿಯನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ಬ್ಯಾಗಿನ ತಳದಲ್ಲಿ ಇಟ್ಟಳು. ಈಗ ಅವಳು ಮಲಗಿರುವಾಗ ತೆಗೆದು ಬರೆಯುತ್ತಿದ್ದೇನೆ. ಆಮೇಲೆ ಚಕ್ರಗಳಿಗೆ ನಿಂಬೆಹಣ್ಣು ಇಟ್ಟಳು. ನಾನು ಶರಟು ಬಿಚ್ಚಿ ಗೂಟಕ್ಕೆ ಹಾಕಿದೆ.

ಡಿಸೆಂಬರ್ 14, ಶನಿವಾರ. ಸಂಜೆ 6.30. ಬೆಟ್ಟ

ಮಂಡಿ ನೋವು ಅಂತ ಹೇಳಿ ಎಸ್ಟೇಟಿನವರೆಗೆ ಜೀಪು ಪ್ರಸನ್ನನ ಕೈಗೆ ಕೊಟ್ಟಿದ್ದೆ. ಬೆಟ್ಟದ ಜಾಡು ಶುರುವಾದ ಮೇಲೆ ನಾನೇ ಹಿಡಿದೆ. ಎರಡನೇ ತಿರುವಿನಲ್ಲಿ ಪ್ರಸನ್ನ, ಎಡಕ್ಕೆ ಕಲ್ಲು ಸಾರ್ ಅಂತ ಕೂಗಿದ. ಕಲ್ಲು ನನಗೆ ಕಾಣಲಿಲ್ಲ, ಅವನ ಮಾತು ಕೇಳಿಸಿತು. ಅದೇ ಕಡೆಗೆ ತಿರುಗಿಸಿದೆ. ಆಮೇಲೆ ಒಂದು ಬಂಡೆಗೆ. ಆಮೇಲೆ ಒಂದು ಮರದ ಬುಡಕ್ಕೆ. ಪ್ರಸನ್ನ ಮೊದಲು ಹೆದರಿದ, ಆಮೇಲೆ ನಕ್ಕ, ಮೂರನೆಯದಕ್ಕೆ ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡ.

ಇಳಿದು ನೋಡಿದೆ. ಬಂಪರ್ ಎಡಗಡೆ ಪೂರ್ತಿ ನಜ್ಜುಗುಜ್ಜು. ಯಾವುದು ಚಲುವಮ್ಮನದು ಅಂತ ನನಗೂ ಗೊತ್ತಾಗಲಿಲ್ಲ. ಅಂದುಕೊಂಡದ್ದು ಅಂದುಕೊಂಡ ಹಾಗೇ ಆಯಿತು. ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತೆ. ಪ್ರಸನ್ನ ಗಾಡಿಗಾಗಿ ಅಂದುಕೊಂಡು, ಹೋಗಲಿ ಬಿಡಿ ಸಾರ್, ಹೊಸ ಬಂಪರ್ ಹಾಕಿಸೋಣ ಅಂತ ಬೆನ್ನು ಸವರಿದ.

ಟೆಂಟು ಹಾಕಿದೆವು. ಒಂದು ಹಾಸಿಗೆಗೆ ಆಸ್ಪತ್ರೆ ಮುಲಾಮಿನ ವಾಸನೆ ಹತ್ತಿದೆ. ಅದನ್ನು ನಾನೇ ತಗೊಂಡೆ.

ಸೌದೆ ಹಸಿ. ಬೆಂಕಿ ಹತ್ತುತ್ತಿಲ್ಲ. ಪ್ರಸನ್ನ ಈ ಪುಸ್ತಕ ನೋಡಿ, ನಾಲ್ಕು ಹಾಳೆ ಕೊಡಿ ಸಾರ್ ಅಂದ. ನಾಳೆಯಿಂದ ಮೂವತ್ತೊಂದರವರೆಗೆ ಎಲ್ಲ ಖಾಲಿ ಹಾಳೆ ಹರಿದು ಕೊಟ್ಟೆ. ಬರೆದದ್ದು ಕೊಡಲಿಲ್ಲ. ಸೋಮವಾರ ಇದು ಸಿದ್ದರಾಮು ಕೈಗೆ ಹೋಗಬೇಕು. ಅವನು ಸ್ಟೇಷನ್ನಿಗೆ ಕೊಡಲಿ. ಗೋದಾ ಏನಾದರೂ ಅನ್ನಲಿ.

ಹಾಳೆ ಹತ್ತಿಕೊಂಡವು. ಇಷ್ಟು ಬರೆದಿದ್ದೇನೆ, ಒಂದು ಮಾತು ಮಾತ್ರ ಎಲ್ಲೂ ಸೀದಾ ಬರೆದಿಲ್ಲ. ತಿರುವಿ ತಿರುವಿ ನೋಡಿದೆ, ಎಲ್ಲೂ ಇಲ್ಲ. ಇವತ್ತಿನ ಪುಟದಲ್ಲಿ ಇನ್ನು ಎರಡೇ ಸಾಲು ಜಾಗ, ಮುಂದೆ ಹಾಳೆಯೂ ಇಲ್ಲ. ಈಗ ಬರೆಯುತ್ತೇನೆ. ನವೆಂಬರ್ 30, ಸಂಜೆ 6.40, ಕೆರಗೋಡು ರಸ್ತೆ. ಟ್ರ್ಯಾಕ್ಟರ್ ಅಲ್ಲ. ಪುಟ್ಟರಾಜು ಅಲ್ಲ. ಚಲುವಮ್ಮನಿಗೆ ಗುದ್ದಿ ನಿಲ್ಲಿಸದೆ ಹೋದವನು