ಬಿಚ್ಚಿಟ್ಟ ಗಾರ್ಡ್

ಅಣ್ಣನಿಗೆ,

ನಿನ್ನ ವರ್ಕ್‌ಶಾಪಿನ ಅಪಘಾತದ ತನಿಖೆಗೆ ಬಂದವರಿಗೆ ನೀನು, "ಗ್ರೈಂಡರಿನ ಗಾರ್ಡ್ ಬಿಚ್ಚಿದ್ದು ನನ್ನ ತಮ್ಮನೇ, ಹೇಳಿದ ಮಾತು ಕೇಳೋನಲ್ಲ" ಅಂದೆಯಂತೆ. ಪ್ಲಾಸ್ಮಾ ಕಟರಿನಲ್ಲಿ ಕತ್ತರಿಸಿದ ತಗಡಿನ ಅಂಚು ಉಜ್ಜೋಕೆ ಅಡ್ಡ ಬರುತ್ತೆ ಅಂತ ಡಿಸ್ಕಿನ ಆ ಮುಚ್ಚಳವನ್ನು ಬಿಚ್ಚಿ ಮೂಲೆಗೆ ಎಸೆದವನು ನೀನು. ಕಣ್ಣಿಗೆ ಚೂರು ಹಾರದಿರಲಿ ಅಂತ ನಾನು ಕನ್ನಡಕ ಕೇಳಿದ್ದಕ್ಕೆ, "ಏನೋ, ಹೀರೋ ಆಗ್ಬೇಕಾ?" ಅಂತ ಎಲ್ಲರೆದುರು ನಕ್ಕೆ. ಮಾರನೇ ದಿನವೇ ಡಿಸ್ಕ್ ಒಡೆದು ಚೂರು ನನ್ನ ಮುಖಕ್ಕೆ ಹಾರಿತು.

ಎಡಗಣ್ಣು ಹೋಯಿತು. ಅದಕ್ಕಾಗಿ ನಿನ್ನನ್ನು ಏನೂ ಕೇಳುವುದಿಲ್ಲ. ನನ್ನ ಜಾಗಕ್ಕೆ ಬರುವವನಿಗಾದರೂ ಕನ್ನಡಕ ಕೊಡಿಸು, ಗಾರ್ಡ್ ಹಾಕಿಸು. ತನಿಖೆಯವರಿಗೆ ನಡೆದದ್ದನ್ನು ನಾನೇ ಹೇಳುತ್ತೇನೆ.

ಎರಡೂ ಕಣ್ಣಿಗೆ ಕಟ್ಟು ಹಾಕಿದ್ದಾರೆ. ನಾನು ಹೇಳಿದ ಹಾಗೆ ಇದನ್ನು ಬರೆದುಕೊಟ್ಟವರು ಅತ್ತಿಗೆ. ನಡುವೆ ಒಮ್ಮೆ ಪೆನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡರು, ಆದರೆ ಒಂದು ಮಾತನ್ನೂ ಬಿಡಲಿಲ್ಲ. ಸಾಕ್ಷಿ ಬೇಕಾದರೆ ತಾವೂ ಬರುತ್ತಾರಂತೆ.

ನಿನ್ನ ತಮ್ಮ