ಹನುಮಂತು ಎಂದು ಬರೆದ ಟ್ಯೂಬು

ಮಂಗಳವಾರ, ನವೆಂಬರ್ 18

ಒಟ್ಟು ಖರ್ಚು: ಎರಡು ಗೊನೆ ಬಾಳೆಹಣ್ಣು, ನನ್ನ ತೋಳಿನ ಒಂದು ಟ್ಯೂಬು ರಕ್ತ, ಮನೆಯಲ್ಲಿ ಉಳಿದಿದ್ದ ಅಷ್ಟಿಷ್ಟು ಮರ್ಯಾದೆ.

ತಂಗಿ ಮಗಳು ರಂಜಿತ ಬೆಳಕವಾಡಿ ಕಡೆಯ ಕೋತಿಗಳ ರಕ್ತ ಪರೀಕ್ಷಿಸುತ್ತಿದ್ದಾಳೆ. ರೋಗದ ಜೊತೆ ಕಾದಾಡುವ ಕಣಗಳು ಮೈಮೇಲೆ ಗುರುತು ಹೊತ್ತಿರುತ್ತವಂತೆ, ಗೆಜ್ಜಲಗೆರೆ ಫ್ಯಾಕ್ಟರಿಯವರ ಕೊರಳ ಬ್ಯಾಡ್ಜಿನ ಹಾಗೆ. ಮನುಷ್ಯನ ಕಣಗಳ ಗುರುತು ಹಿಡಿಯುವ ಬಣ್ಣಗಳು ಕೋತಿಯ ಕಣಗಳಿಗೂ ಅಂಟುತ್ತವೆಯೇ ಎಂಬುದು ಅವಳ ಪ್ರಶ್ನೆ. ಹೋಲಿಸಿ ನೋಡಲು ನಾಲ್ಕೈದು ಜನರ ಜೊತೆ ನನ್ನ ರಕ್ತವನ್ನೂ ತೆಗೆದುಕೊಂಡಿದ್ದಳು.

ಒಂದು ಬಣ್ಣ ಮಾತ್ರ ಯಾವ ಕೋತಿಗೂ ಅಂಟಲಿಲ್ಲ, ಒಂದೇ ಒಂದು ಕೋತಿಯನ್ನು ಬಿಟ್ಟು. ಯಾರೂ ಕಾಣದ್ದು ಸಿಕ್ಕಿತೆಂದು ಮೊನ್ನೆ ಹುಡುಗಿ ಊಟ ಬಿಟ್ಟು ಕುಣಿದಿದ್ದಳು. ಇವತ್ತು ಫೋನ್ ಬಂತು, ಧ್ವನಿ ಸೊರಗಿತ್ತು.

“ಅದು ನಿಂದೇ ರಕ್ತ ಕಣ್ ಮಾವ. ಟ್ಯೂಬ್ ಮೇಲೆ ನಿನ್ ಹೆಸ್ರು ಹನುಮಂತು ಅಂತಿತ್ತಲ್ಲ, ಲ್ಯಾಬ್‌ನೋರು ಕೋತಿಗಿಟ್ಟಿರೋ ಹೆಸ್ರು ಅನ್ಕಂಡು ಅವುಗಳ ಸಾಲ್ಗೇ ಸೇರ್ಸವ್ರೆ.”

“ನಂಗೆ ಮದ್ವೆ ದಿನ್ವೇ ಗೊತ್ತಾಗಿತ್ತು ಬುಡವ್ವ,” ಎಂದು ನನ್ನ ಹೆಂಡತಿ ಪಕ್ಕದಿಂದ ಕೂಗಿದಳು.

ನನ್ನ ತಲೆ ಬೇರೆ ಕಡೆ ಓಡುತ್ತಿತ್ತು. ಮಿಕ್ಕ ಬಣ್ಣಗಳೆಲ್ಲ ನನಗೂ ಕೋತಿಗೂ ಒಂದೇ ಸಮ ಅಂಟಿವೆ. ಹಾಗಾದರೆ ಆ ಒಂದು ಬ್ಯಾಡ್ಜು ಕೋತಿಗೆ ಇಲ್ಲವೇ ಇಲ್ಲವೋ, ಇದ್ದೂ ಅಚ್ಚು ಬೇರೆಯೋ? ಕೇಳಿದೆ.

“ಅದ್ನೇ ಈಗ ಹುಡುಕ್ಬೇಕು ಮಾವ,” ಎಂದಳು. ಧ್ವನಿಗೆ ಜೀವ ಬಂದಿತ್ತು.

ಕೋತಿಗಳಿಗೆ ಬಾಳೆಹಣ್ಣು. ರಂಜಿತಳಿಗೆ ಹೊಸ ಪ್ರಶ್ನೆ. ಹೆಂಡತಿಗೆ ವರ್ಷಕ್ಕಾಗುವಷ್ಟು ಮಾತು. ನನಗೆ, ಎರಡು ದಿನದ ಮಟ್ಟಿಗೆ, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಕೋತಿಯೆಂಬ ಹೆಸರು.